ಅವರ ರಕ್ತ ಬೇಡವಾದ ವರ್ಷ

ಕಳೆದ ತಿಂಗಳು ಕಂಪ್ಲಿಯಲ್ಲಿರುವ ನನ್ನ ಹಳೆಯ ಶಿಷ್ಯೆಯೊಬ್ಬಳ ಮನೆಗೆ ಹೊರಟಿದ್ದೆ. ಊರು ಇನ್ನೂ ಮುಂದಿರುವಾಗಲೇ ಬಸ್ಸು ಒಂದು ರೈಸ್ ಮಿಲ್ಲಿನ ಎದುರು ಕೆಟ್ಟು ನಿಂತಿತು. ಡ್ರೈವರ್ ಇಳಿದು ಬಾನೆಟ್ ಎತ್ತಿದ. ಕಿಟಕಿಯಿಂದ ಬೆಂದ ಭತ್ತದ ವಾಸನೆ, ಅದರ ಹಿಂದೆಯೇ ತೌಡಿನ ದೂಳು ಒಳಗೆ ಬಂದವು. ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗಿ ದುಪಟ್ಟಾದಿಂದ ಮೂಗು ಮುಚ್ಚಿಕೊಂಡಳು. ನಾನು ಮುಚ್ಚಿಕೊಳ್ಳಲಿಲ್ಲ. ಮದುವೆಯಾದಂದಿನಿಂದ ಆ ವಾಸನೆಯ ಅಂಗಿಗಳನ್ನು ಒಗೆದವಳು ನಾನು. ಎಷ್ಟು ಸೋಪು ಹಚ್ಚಿ ತಿಕ್ಕಿದರೂ ಅದು ಕಂಕುಳ ಹೊಲಿಗೆಯಲ್ಲಿ ಉಳಿದೇ ಇರುತ್ತಿತ್ತು. ಬಸ್ಸು ಸರಿಹೋಗುವವರೆಗೆ ನಾನು ಕಂಪ್ಲಿಯ ದಾರಿಯಲ್ಲಿರಲಿಲ್ಲ, ತೊಂಬತ್ತರ ದಶಕದ ಮೊದಲ ಭಾಗದ ಒಂದು ವರ್ಷದಲ್ಲಿದ್ದೆ.

ನನ್ನ ಗಂಡ ಗಾದಿಲಿಂಗಪ್ಪ ಕಂಪ್ಲಿಯ ಒಂದು ಮಿಲ್ಲಿನ ಲಾರಿ ಓಡಿಸುತ್ತಿದ್ದರು. ಅವರ ಅಪ್ಪ ಕಾಲುವೆ ತೋಡುವ ಕಾಲಕ್ಕೆ ಮಣ್ಣು ಹೊತ್ತವರು. ಮಗ ಅದೇ ಕಾಲುವೆಯ ನೀರಿನಲ್ಲಿ ಬೆಳೆದ ಭತ್ತವನ್ನು ಮಿಲ್ಲಿಗೆ, ಮಿಲ್ಲಿನ ಅಕ್ಕಿಯನ್ನು ಊರೂರಿಗೆ ಸಾಗಿಸುತ್ತಿದ್ದರು. ವರ್ಷಕ್ಕೆರಡು ಬೆಳೆ ಬರುತ್ತಿದ್ದ ದಿನಗಳು. ಸುಗ್ಗಿಯಲ್ಲಿ ಊಟಕ್ಕೂ ಪುರುಸೊತ್ತಿರಲಿಲ್ಲ. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ನಮ್ಮದು ಎರಡು ಖೋಲಿಯ ಮನೆ. ಅಲ್ಲಿದ್ದವರು ಮೂವರೇ: ಅವರು, ನಾನು, ಮತ್ತು ನನ್ನತ್ತೆ ಹಂಪವ್ವ. ನಾನು ಹತ್ತಿರದ ಪ್ರಾಥಮಿಕ ಶಾಲೆಯಲ್ಲಿ ಟೀಚರು. ನನ್ನ ಭಾವ, ಅಂದರೆ ಇವರ ಅಣ್ಣ, ನಾನು ಸೊಸೆಯಾಗಿ ಬರುವ ಮೊದಲೇ ತೀರಿಕೊಂಡಿದ್ದರು. ಇನ್ನೂ ಸಣ್ಣ ವಯಸ್ಸು, ಹೊಟ್ಟೆ ಬಾತು ಸತ್ತರಂತೆ. ಕುಡಿದು ಸತ್ತ ಎಂದು ಓಣಿಯವರು ಆಡಿಕೊಂಡಿದ್ದರು. ಆತ ಕುಡಿದವನೇ ಅಲ್ಲ. ಆ ಮಾತನ್ನು ಅತ್ತೆ ಯಾರಿಗೂ ಕ್ಷಮಿಸಿರಲಿಲ್ಲ.

ಇವರದು ಓ ನೆಗೆಟಿವ್ ರಕ್ತ. ಸುಲಭಕ್ಕೆ ಸಿಗುವ ಗುಂಪಲ್ಲ. ಊರಿನ ಒಂದು ನರ್ಸಿಂಗ್ ಹೋಮಿನ ಡಾಕ್ಟರಿಗೆ ಅದು ಹೇಗೋ ತಿಳಿದು, ಹೆರಿಗೆಯಲ್ಲಿ ಯಾರಿಗಾದರೂ ರಕ್ತ ಹೋದರೆ, ಗಣಿಯಲ್ಲಿ ಯಾರ ಕಾಲಾದರೂ ಜಜ್ಜಿದರೆ, ನಮ್ಮ ಮನೆ ಮುಂದೆ ಜೀಪು ಬಂದು ನಿಲ್ಲುತ್ತಿತ್ತು. "ಗಾದಿ ಅದಾನೇನ್ರಿ?" ಎಂದು ಕಾಂಪೌಂಡರ್ ಕೂಗುತ್ತಿದ್ದ. ಉಣ್ಣುತ್ತಿದ್ದರೂ ಇವರು ಗಂಗಾಳದಲ್ಲೇ ಕೈ ತೊಳೆದು ಎದ್ದುಬಿಡುತ್ತಿದ್ದರು. ಒಂದು ಪೈಸೆ ಮುಟ್ಟಿದವರಲ್ಲ. ಆಮೇಲೆ ಕೊಡುವ ಒಂದು ಲೋಟ ಹಾಲನ್ನೂ ಕೆಲವೊಮ್ಮೆ ಪೇಷಂಟಿನ ಮನೆಯವರಿಗೇ ಕೊಟ್ಟು ಬರುತ್ತಿದ್ದರು. ಆ ಡಾಕ್ಟರು ಬಂದವರ ಮುಂದೆಲ್ಲ ಇವರ ಹೆಗಲ ಮೇಲೆ ಕೈಯಿಟ್ಟು ಹೇಳುತ್ತಿದ್ದರು, "ನಮ್ಮ ಹೊಸಪೇಟಿಗೆ ಎರಡು ಡ್ಯಾಂ ಅದಾವ ನೋಡ್ರಿ. ಒಂದು ನೀರಿಂದು, ಇನ್ನೊಂದು ನಮ್ಮ ಗಾದಿಂದು." ಆ ಮಾತು ಕೇಳಿದ ದಿನ ಇವರು ಮನೆಗೆ ಬಂದು ಅದನ್ನು ಅವ್ವನಿಗೊಮ್ಮೆ, ನನಗೊಮ್ಮೆ ಹೇಳದೆ ಮಲಗುತ್ತಿರಲಿಲ್ಲ.

ಆ ವರ್ಷ ಬೇಸಿಗೆ ಕಾಲುವೆ ಬಂದಾದ ಮೇಲೆ ನನಗೆ ದಿನ ನಿಂತಿತು. ಬಹಳ ವರ್ಷ ಕಾದ ಮೇಲೆ ಬಂದ ಬಸಿರು. ಕಾಲುವೆಯ ತಳದ ಕೆಸರು ಒಣಗಿ ಬಿರುಕು ಬಿಟ್ಟಿತ್ತು, ಲಾರಿಗೆ ಕೆಲಸ ಕಡಿಮೆ. ಇವರು ಮನೆಯಲ್ಲೇ ಇದ್ದು ನನಗೆ ಮಾವಿನಕಾಯಿ ಹೆಚ್ಚಿ ಉಪ್ಪು ಖಾರ ಹಾಕಿ ಕೊಡುತ್ತಿದ್ದರು. ಬಲಗಡೆ ಪಕ್ಕೆಲುಬಿನ ಕೆಳಗೆ ಏನೋ ಭಾರ ಎನ್ನುತ್ತಿದ್ದರು. ಸ್ಟೇರಿಂಗ್ ತಿರುವಿ ತಿರುವಿ ಹಿಡಿದಿರಬೇಕು ಎಂದುಕೊಂಡೆವು. ಅಂಥ ಒಂದು ಮಧ್ಯಾಹ್ನ ಜೀಪು ಬಂತು. ಹೋದವರು ಸಂಜೆಯ ಮುಂಚೆಯೇ ನಡೆದುಕೊಂಡು ಬಂದರು. ಜೀಪು ಬಿಟ್ಟು ಹೋಗಿರಲಿಲ್ಲ.

"ನನ್ನ ರಕ್ತ ತೊಗೊಳ್ಳಲಿಲ್ಲ," ಎಂದರು.

ರಕ್ತ ಹಾಕುವ ಮುಂಚೆ ಮಾಡುವ ಹೊಸ ಪರೀಕ್ಷೆಯೊಂದು ಆಗ ನಮ್ಮ ಊರಿಗೆ ಬಂದಿತ್ತು. ಇವರ ರಕ್ತದಲ್ಲಿ ಹೆಪಟೈಟಿಸ್ ಬಿ ಎನ್ನುವ ವೈರಸ್ಸು ಇತ್ತು. ಲಿವರಿಗೆ ಹತ್ತುವಂಥದ್ದು. ಡಾಕ್ಟರು ಇವರನ್ನು ಒಳಗಿನ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿ, "ಇನ್ನ ಮ್ಯಾಲೆ ಕೊಡಬ್ಯಾಡ. ಯಾರ ಮುಂದೂ ಬಾಯಿ ಬಿಡಬ್ಯಾಡ," ಎಂದಿದ್ದರಂತೆ.

"ಇಷ್ಟು ವರ್ಷ ಕೊಟ್ಟದ್ದು ಏನ್ರಿ ಮತ್ತ, ಅಂತ ಕೇಳ್ದೆ," ಎಂದರು ಇವರು. "ಅದು ಆಗಿಹೋದ ಮಾತು, ಸುಮ್ಮನಿರು ಅಂದ್ರು."

ಇವರು ಸುಮ್ಮನಿರಲಿಲ್ಲ. ಮೂರನೆಯ ದಿನ ಪಕ್ಕದ ಮನೆಯವರ ಲೂನಾ ಗಾಡಿ ಕೇಳಿ ತಂದು, ತಮ್ಮ ರಕ್ತ ಪಡೆದವರಲ್ಲಿ ನೆನಪಿದ್ದವರ ಮನೆಗೆಲ್ಲ ಹೊರಟರು. ಬಿಸಿಲಲ್ಲಿ ತಲೆಗೆ ಟವೆಲು ಸುತ್ತಿಕೊಂಡು ಸಂಡೂರಿಗೆ, ಕಮಲಾಪುರಕ್ಕೆ, ಕಂಪ್ಲಿಗೆ. "ನನ್ನ ರಕ್ತದಾಗ ಹಿಂಗ ಒಂದು ಐತಂತ. ನನಗ ಗೊತ್ತಿರಲಿಲ್ಲ. ನೀವೊಮ್ಮೆ ಪರೀಕ್ಷೆ ಮಾಡಿಸ್ಕೋರಿ," ಎನ್ನುವುದು, ಅವರು ಏನಂದರೂ ಕೇಳಿ ಬರುವುದು. ಕೆಲವರು ನೀರು ಕೊಟ್ಟರು, ಕೆಲವರು ಬಾಗಿಲು ಹಾಕಿಕೊಂಡರು. ಯಶವಂತನಗರದ ಒಬ್ಬ ಗಣಿ ಕೆಲಸಗಾರ, ಹಿಂದೊಮ್ಮೆ ಬಂಡೆ ಬಿದ್ದು ಕಾಲು ಕಳೆದುಕೊಂಡವನು, ನಕ್ಕುಬಿಟ್ಟನಂತೆ. "ಆವತ್ತ ನೀನು ಬರಲಿಲ್ಲಂದ್ರ ಇವತ್ತ ಈ ಸುದ್ದಿ ಕೇಳಾಕ ನಾನು ಎಲ್ಲಿ ಇರ್ತಿದ್ದೆ?" ಎಂದು ಚಹಾ ಮಾಡಿಸಿ ಕುಡಿಸಿದನಂತೆ. ಅವನೇ ಇವರ ಕಣ್ಣನ್ನೂ ಬತ್ತಿದ ಕೆನ್ನೆಯನ್ನೂ ನೋಡಿ, "ಮೊದಲ ನಿನ್ನ ಲಿವರ್ ತೋರಿಸು. ಹುಬ್ಬಳ್ಳಿ ದೊಡ್ಡ ಆಸ್ಪತ್ರ್ಯಾಗ ಒಬ್ಬ ಡಾಕ್ಟರಮ್ಮ ಅದಾರ," ಎಂದು ಹೇಳಿ ಕಳಿಸಿದ್ದು.

ಹುಬ್ಬಳ್ಳಿಗೆ ಹೋಗುವ ಮುಂಚೆಯೇ ಊರು ತಿರುಗಿಬಿತ್ತು. ಇವರು ಹೇಳಿ ಬಂದ ಮನೆಯವರು ಒಬ್ಬೊಬ್ಬರಾಗಿ ನರ್ಸಿಂಗ್ ಹೋಮಿಗೆ ಹೋಗಿ, ಎಂಥ ರಕ್ತ ಹಾಕಿದಿರಿ ಎಂದು ಕೇಳತೊಡಗಿದ್ದರು. ಡಾಕ್ಟರು ತಮ್ಮನ್ನು ಉಳಿಸಿಕೊಳ್ಳಬೇಕಿತ್ತು. ಹೊಸ ಪರೀಕ್ಷೆ ಮೊದಲು ನಮ್ಮಲ್ಲಿ ಇರಲಿಲ್ಲ ಎಂದು ಇದ್ದದ್ದನ್ನು ಹೇಳಿದ್ದರೆ ಸಾಕಿತ್ತು. ಹಾಗೆ ಹೇಳಲಿಲ್ಲ. "ಅವಗ ಮೊದಲೇ ಕಾಮಾಲೆ ಆಗಿತ್ತು, ಮುಚ್ಚಿಟ್ಟಾನ. ಅವ ರಕ್ತ ಮಾರೋನು. ನಮ್ಮ ಕಾಂಪೌಂಡರ್‌ಗೂ ಮೋಸ ಮಾಡ್ಯಾನ," ಎಂದರು.

ಇವರ ಮಿಲ್ಲಿನ ಸಾಹುಕಾರರ ಸೊಸೆಗೂ ಹೆರಿಗೆಯಲ್ಲಿ ಇವರದೇ ರಕ್ತ ಹಾಕಿದ್ದರು. ಆ ಸಾಹುಕಾರರು ಇವರನ್ನು ಲಾರಿಯ ಬಳಿಯಿಂದಲೇ ಕೂಗಿ ಕರೆದರು. ಹಮಾಲರೆಲ್ಲ ಚೀಲ ಇಳಿಸಿ ನಿಂತು ಕೇಳುತ್ತಿದ್ದರು.

"ಎಷ್ಟು ತೊಗೊಂಡಿ ಲೇ, ನನ್ನ ಸೊಸಿಗೆ ವಿಷ ಕೊಟ್ಟಿದ್ದಕ್ಕ?"

"ನಾನು ತೊಗೊಂಡಿಲ್ಲರಿ. ನಿಮಗ ಗೊತ್ತೈತಿ."

"ನನಗೇನು ಗೊತ್ತು? ಡಾಕ್ಟರು ಸುಳ್ಳು ಹೇಳ್ತಾರೇನು?"

ಆ ಸೊಸೆಗೆ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ರೋಗ ಬಂದು ಹೋಗಿತ್ತೋ, ಬಂದೇ ಇರಲಿಲ್ಲವೋ, ಅಂತೂ ಆಕೆ ಚೆನ್ನಾಗಿದ್ದಳು. ಇವರ ಕೆಲಸ ಮಾತ್ರ ಹೋಯಿತು. ಲಾರಿಯ ಕೀಲಿಯನ್ನು ಸಾಹುಕಾರರ ಕೈಗೆ ಕೊಡಹೋದರೆ ಅವರು ಕೈ ಹಿಂದಕ್ಕೆಳೆದುಕೊಂಡು, ಅಲ್ಲಿ ಇಡು ಎಂದು ತಕ್ಕಡಿಯ ತಟ್ಟೆ ತೋರಿಸಿದರಂತೆ. ಇದನ್ನು ಇವರು ನನಗೆ ಹೇಳಿದ್ದು ಎಷ್ಟೋ ವಾರದ ಮೇಲೆ. ಬೈದದ್ದನ್ನು ಅಂದೇ ಹೇಳಿದ್ದರು. ಕೈ ಹಿಂದಕ್ಕೆಳೆದುಕೊಂಡದ್ದನ್ನು ಹೇಳಲು ಅಷ್ಟು ದಿನ ಬೇಕಾಯಿತು.

ಅತ್ತೆ ನರ್ಸಿಂಗ್ ಹೋಮಿನ ಗೇಟಿಗೆ ಹೋಗಿ ನಿಂತು ಬಂದಳು. ಡಾಕ್ಟರು ಹೊರಗೆ ಬರಲಿಲ್ಲ. ಆಕೆಗೆ ಒಂದು ವಿಷಯ ಖಚಿತವಾಗಿತ್ತು. "ಹೋದೋರಿಗೆಲ್ಲಾ ಚುಚ್ಚಿದ ಸೂಜಿ ತಂದು ನನ್ನ ಮಗಗ ಚುಚ್ಚಿದ್ರು. ರೋಗ ಹಚ್ಚಿದ್ದು ಅವ್ರು, ಮ್ಯಾಲೆ ಕಳ್ಳ ಅಂದೋರೂ ಅವ್ರು." ಬೀದಿಯಲ್ಲಿ ನಿಂತು ಇದನ್ನೇ ಹೇಳಿದಳು. ಸಂತೆಯಲ್ಲಿ ಹೇಳಿದಳು. ನಾವೂ ಆಗ ಹಾಗೆಯೇ ನಂಬಿದ್ದೆವು.

ಹುಬ್ಬಳ್ಳಿಗೆ ರೈಲಿನಲ್ಲಿ ಹೋದೆವು. ಮೊದಲ ಸಲ ಸ್ಕ್ಯಾನ್ ಮಾಡಿ, ಇವರ ಮತ್ತು ನನ್ನ ರಕ್ತ ತೆಗೆದುಕೊಂಡು, ಮುಂದಿನ ಸಲ ಬರುವಾಗ ತಾಯಿಯನ್ನೂ ಕರೆದುಕೊಂಡು ಬನ್ನಿ ಎಂದರು ಡಾಕ್ಟರಮ್ಮ. ಅತ್ತೆಗೆ ಸಕ್ಕರೆ ಕಾಯಿಲೆಯ ಪರೀಕ್ಷೆ ಎಂದು ಹೇಳಿ ಕರೆದೊಯ್ದೆವು. ಮಗನನ್ನು ಕೆಡಿಸಿದ್ದು ಸೂಜಿ ಎಂದು ನಂಬಿದ್ದವಳು ತನಗೆ ಚುಚ್ಚುವಾಗ ಅದು ಹೊಸ ಸೂಜಿಯೋ ಅಲ್ಲವೋ ಎಂದು ಪೊಟ್ಟಣ ಒಡೆಯುವವರೆಗೂ ಕಣ್ಣಿಟ್ಟು ನೋಡಿದಳು. ಬರುವಾಗ ಗದಗಿನ ಸ್ಟೇಷನ್ನಿನಲ್ಲಿ ಮಗನಿಗೆ ಮಿರ್ಚಿ ಭಜಿ ಕೊಡಿಸಿದಳು. ಅವರು ತಿನ್ನಲಾರದೆ ನನ್ನ ಕೈಗೆ ದಾಟಿಸಿದರು.

ಮೂರನೆಯ ಸಲ ನಾವಿಬ್ಬರೇ ಹೋದೆವು. ಅಂದು ಆ ಡಾಕ್ಟರಮ್ಮ ಹೇಳಿದ್ದನ್ನು ನಾನು ಆಮೇಲೆ ಓದಿ ತಿಳಿದುಕೊಂಡದ್ದರ ಜೊತೆ ಎಷ್ಟೋ ಸಲ ಮನಸ್ಸಿನಲ್ಲಿ ಬೆರೆಸಿದ್ದೇನೆ. ಆದರೂ ಆಕೆಯ ದನಿ ಹಾಗೆಯೇ ಇದೆ. ಲಿವರಿನಲ್ಲಿ ಗಡ್ಡೆ ಇದೆ, ಕ್ಯಾನ್ಸರ್, ತೆಗೆಯುವ ಹಂತ ದಾಟಿದೆ ಎಂದು ಮೊದಲು ಹೇಳಿದರು. ಸುತ್ತಿಬಳಸಿ ಹೇಳಲಿಲ್ಲ. ಇವರು ಕೇಳಿದ್ದು ಒಂದೇ.

"ಯಾವ ಸೂಜಿಯಿಂದ ಬಂತ್ರಿ?"

"ಸೂಜಿಯಿಂದ ಬಂದಿದ್ದಲ್ಲ. ನಿಮ್ಮ ತಾಯಿ ರಕ್ತದಾಗೂ ಅದೇ ಐತಿ. ಹೆರಿಗಿ ಹೊತ್ತಿಗೆ ನಿಮಗ ಬಂದದ. ನೀವು ಹೇಳಿದ್ರಲ್ಲ, ನಿಮ್ಮ ಅಣ್ಣಗೂ ಹಿಂಗ ಆಗಿರಬೇಕು. ತಾಯಿಗೆ ಏನೂ ತ್ರಾಸಾಗಿಲ್ಲ, ಕೆಲವರಿಗೆ ಆಗೋದೇ ಇಲ್ಲ. ಆಕಿಗೆ ತನ್ನ ಮೈಯಾಗ ಅದು ಐತಿ ಅಂತ ಗೊತ್ತಿಲ್ಲ."

ಇವರು ತಮ್ಮ ಅಂಗೈ ನೋಡಿಕೊಂಡರು. "ನಲವತ್ತು ವರ್ಷ ಆಗಾಕ ಬಂತ್ರಿ ನನಗ. ಇಷ್ಟು ದಿನ ಒಮ್ಮೆರ ಜ್ವರ, ನೋವು ಏನೂ ಕೊಡಲಿಲ್ಲಲ್ಲ."

"ಅದೇ ಅದರ ಆಟ," ಎಂದರು ಡಾಕ್ಟರಮ್ಮ. "ನಮ್ಮ ಮೈಯಾಗ ಕಾವಲಿನ ಕಣ ಇರ್ತಾವ. ಹುಟ್ಟಿದ ಹೊಸದ್ರಾಗ ಅವು ಇನ್ನೂ ಪಾಠ ಕಲೀತಿರ್ತಾವ, ಯಾವುದು ನಮ್ಮದು, ಯಾವುದು ಹೊರಗಿಂದು ಅಂತ. ಆ ಪಾಠ ಮುಗಿಯೋದರೊಳಗ ಈ ವೈರಸ್ಸು ಒಳಗ ಬಂದು ಕೂತಿತ್ತು. ಅದನ್ನೂ ಮನಿ ಮಂದಿ ಅಂತ ತಿಳದುಬಿಟ್ಟವು."

"ಆಮ್ಯಾಲೆರ ಅನುಮಾನ ಬರಬಾರದೇನ್ರಿ?"

"ಬರದಂಗ ನೋಡಿಕೊಂತದ. ಲಿವರಿನ ಕಣದ ನಟ್ಟನಡುವ, ಆ ಕಣದ ಸ್ವಂತ ವಂಶದ ಬರಹ ಇರೋ ಜಾಗಾದಾಗ ಅಡಗತದ. ಅಲ್ಲಿ ಗದ್ದಲ ಮಾಡೋದಿಲ್ಲ. ಹೊರಗ ರಕ್ತಕ್ಕ ಮಾತ್ರ ತನ್ನ ಖಾಲಿ ಕವಚ ಬಿಡತದ, ಒಳಗೇನೂ ಇಲ್ಲದ್ದು, ಲೆಕ್ಕವಿಲ್ಲದಷ್ಟು. ಕಾವಲಿನವು ಅವನ್ನ ಹಿಡಿದೂ ಹಿಡಿದೂ ದಣೀತಾವ. ನಿಜವಾದ್ದು ಪಾರಾಗತದ."

ಇವರಿಗೆ ಅಂಥ ಹೊತ್ತಿನಲ್ಲೂ ನಗು ಬಂತು. "ನಾವೂ ಹಿಂಗ ಮಾಡ್ತಿದ್ವಿರಿ. ಸರಕಾರ ಅಕ್ಕಿಗೆ ಲೆವಿ ಹಾಕಿ ಹೊರಗ ಬಿಡದ ಕಾಲದಾಗ ಚೆಕ್‌ಪೋಸ್ಟಿಗೆ ಖಾಲಿ ಲಾರಿ ಮುಂದ ಬಿಡೋದು. ಪೊಲೀಸ್ರು ಅವನ್ನ ತಡವಿ ತಡವಿ ಸುಸ್ತಾಗೋದ್ರಾಗ ಅಕ್ಕಿ ಲೋಡು ಆಂಧ್ರ ದಾಟಿರ್ತಿತ್ತು."

ಡಾಕ್ಟರಮ್ಮ ನಗಲಿಲ್ಲ. "ಹರೇದಾಗ ಯಾವಾಗೋ ಕಾವಲಿಗೆ ಅರ್ಧಂಬರ್ಧ ಎಚ್ಚರ ಆಗತದ. ಆಗ ಪೆಟ್ಟು ಬೀಳೋದು ವೈರಸ್ಸು ಕೂತ ಲಿವರಿಗೆ. ಗೆಲ್ಲೋದೂ ಇಲ್ಲ, ಬಿಡೋದೂ ಇಲ್ಲ. ಲಿವರ್ ಗಾಯ ಆಗತದ, ಮಾಯತದ, ಮತ್ತ ಗಾಯ. ಹಂಗ ಮತ್ತ ಮತ್ತ ಹುಟ್ಟೋ ಕಣದೊಳಗ ಒಂದು ಕೆಡತದ. ವೈರಸ್ಸು ತನ್ನ ಬರಹದ ತುಂಡು ಅದರೊಳಗ ಸೇರಿಸಿರ್ತದ. ಅಷ್ಟೊತ್ತಿಗೆ ಕಾವಲಿನವು ದಣಿದು ಹೋಗಿರ್ತಾವ. ಗಡ್ಡೆ ಕಣ್ಮುಂದ ಬೆಳೆದ್ರೂ ಕೈ ಎತ್ತೋದಿಲ್ಲ."

ಆಮೇಲೆ ನನ್ನ ಕಡೆ ತಿರುಗಿದರು. ನನಗೆ ಹಿಂದೆ ಎಂದಾದರೂ ಕಾಮಾಲೆ ಆಗಿತ್ತೇ ಎಂದು ಕೇಳಿದರು. ಮದುವೆಯಾದ ವರ್ಷವೇ ಆಗಿತ್ತು. ಕಣ್ಣು, ಉಗುರು ಎಲ್ಲ ಹಳದಿಯಾಗಿ ತಿಂಗಳುಗಟ್ಟಲೆ ಮಲಗಿದ್ದೆ. ಇವರು ಮಿಲ್ಲಿಗೆ ರಜೆ ಹಾಕಿ ನನಗೆ ಕಬ್ಬಿನ ಹಾಲು ತಂದು ಕುಡಿಸಿದ್ದರು, ತಲೆ ಬಾಚಿದ್ದರು. ಆ ರೋಗ ನನಗೆ ಬಂದದ್ದು ಇವರಿಂದಲೇ ಎಂದು ಅಂದು ಆ ಕೋಣೆಯಲ್ಲಿ ತಿಳಿಯಿತು.

"ನಿಮ್ಮ ಕಾವಲಿಗೆ ಬುದ್ಧಿ ಬಲಿತಿತ್ತು," ಎಂದರು ಡಾಕ್ಟರಮ್ಮ. "ನೋಡಿದ ಕೂಡಲೇ ಗುರುತು ಹಿಡಿದು ಹೊಡೆದು ಹೊರಗ ಹಾಕ್ಯಾವ. ಆ ಹಳದಿ ನಿಮ್ಮ ಮೈ ಜಗಳಾಡಿದ ಗುರುತು. ಈಗ ನಿಮ್ಮ ರಕ್ತದಾಗ ವೈರಸ್ಸಿಲ್ಲ. ಹೊಟ್ಟ್ಯಾಗಿನ ಕೂಸಿಗೆ ನಿಮ್ಮಿಂದ ಭಯ ಇಲ್ಲ. ಆದ್ರ ಅಜ್ಜಿ ಜೊತಿಗೆ ಬೆಳೆಯೋ ಕೂಸು. ಹುಟ್ಟಿದ ದಿನಾನ ಒಂದು ಇಂಜೆಕ್ಷನ್ ಹಾಕಿಸಬೇಕು, ಆಮ್ಯಾಲೆ ಮತ್ತೆರಡು. ಮೂರೂ ಆದ್ರ ಆಕಿ ರಕ್ತ ತಾಕಿದರೂ ಕೂಸಿಗೆ ಹತ್ತೋದಿಲ್ಲ. ಮರೀಬ್ಯಾಡ್ರಿ. ಔಷಧ ನಾನು ತರಿಸಿ ಕೊಡ್ತೀನಿ."

ಒಂದೇ ವೈರಿ. ನನ್ನ ಮೈಯಿಂದ ಜಗಳ ಮಾಡಿ ಹೊರಬಿತ್ತು. ಅವರ ಮೈಯಲ್ಲಿ ನಂಬಿಕೆ ಗಳಿಸಿ ಉಳಿಯಿತು. ರೈಲಿನಲ್ಲಿ ಬರುವಾಗ ಕಿಟಕಿಯ ಸರಳಿಗೆ ತಲೆಯಾನಿಸಿ ಅವರು ಒಂದು ಮಾತು ಅಂದರು. "ಎದುರಿಗೆ ಬಂದು ಹೊಡೆದಿದ್ರ ನಾನೂ ಹೊಡೀತಿದ್ದೆ. ಮಗ್ಗಲದಾಗ ಮಲಗಿ ಹಿಂಗ ಮಾಡ್ತಲ್ಲ." ವೈರಸ್ಸಿನ ಮಾತೋ ಊರಿನ ಡಾಕ್ಟರ ಮಾತೋ ನಾನು ಕೇಳಲಿಲ್ಲ. ರೋಗವನ್ನು ನನಗೆ ಕೊಟ್ಟದ್ದಕ್ಕೆ ಕ್ಷಮೆ ಕೇಳಲು ಬಾಯಿ ತೆರೆದರು. ನಾನು ಅವರ ಬಾಯಿಗೆ ಕೈ ಅಡ್ಡ ಹಿಡಿದೆ.

ಆಷಾಢದಲ್ಲಿ ಕಾಲುವೆಗೆ ನೀರು ಬಿಟ್ಟರು. ಆ ವಾರ ಇವರು ಅವ್ವನನ್ನು ಹಂಪಿಗೆ ಕರೆದುಕೊಂಡು ಹೋಗಬೇಕೆಂದು ಹಟ ಹಿಡಿದರು. ತನ್ನ ಹೆಸರಿನ ಊರೆಂದು ಅತ್ತೆಗೆ ಹಂಪಿಯ ಮೇಲೆ ಒಂದು ಹಕ್ಕಿನ ಪ್ರೀತಿ. ಮೋಡ ಮುಸುಕಿತ್ತು, ಹೊಳೆ ಕೆಂಪಗೆ ತುಂಬಿತ್ತು. ಅತ್ತೆ ಮೆಟ್ಟಿಲ ಕೊನೆಯಲ್ಲಿ ಸೀರೆಯ ಸೆರಗು ನೆನೆಸಿ ಮುಖ ತೊಳೆಯುತ್ತಿದ್ದಳು. ಮೇಲಿನ ಮೆಟ್ಟಿಲಲ್ಲಿ ಕೂತು ಇವರು ನನಗೆ ಹೇಳಿದರು.

"ಅವ್ವಗ ಹೇಳಬ್ಯಾಡ."

"ಯಾವುದನ್ನ?"

"ಆಕಿಯಿಂದ ಬಂತು ಅನ್ನೋದು. ನಂದು ಗೊತ್ತಾದ್ರ ಅಣ್ಣಂದೂ ಗೊತ್ತಾಗತದ. ಎರಡೂ ಮಕ್ಕಳನ್ನ ನಾನೇ ಕೊಂದೆ ಅಂತ ತಿಳಕೊಂತಾಳ."

"ಆಕಿ ಏನು ಮಾಡ್ಯಾಳ? ಹಡೆದಾಳ, ಅಷ್ಟ."

"ಅದು ನಿನಗ ತಿಳೀತದ, ನನಗ ತಿಳೀತದ. ಆಕಿಗೆ ತಿಳಿಯೋದಿಲ್ಲ." ಸ್ವಲ್ಪ ತಡೆದು, "ಸೂಜಿಯಿಂದ ಬಂತು ಅಂತ ನಂಬ್ಯಾಳ. ನಂಬಲಿ ಬಿಡು. ಆ ಡಾಕ್ಟರ್ ಮ್ಯಾಲೆ ಸಿಟ್ಟಿರಲಿ. ಸಿಟ್ಟಿದ್ರ ಬದುಕ್ತಾಳ," ಎಂದರು.

ಕೆಳಗಿನಿಂದ ಅತ್ತೆ, "ಏನು ಮಾತಾಡಾಕ ಹತ್ತೀರಿ, ಬರ್ರಿ ನೀರಿಗೆ," ಎಂದು ಕೂಗಿದಳು. ನಾನು ತಲೆಯಾಡಿಸಿದೆ. ಅವರು ಅದನ್ನೇ ಮಾತೆಂದು ತೆಗೆದುಕೊಂಡರು.

ನಾಟಿಯ ದಿನಗಳು ಮುಗಿದು ಗದ್ದೆಗಳು ಹಸಿರಾಗುವಾಗ ಅವರು ಹಾಸಿಗೆ ಹಿಡಿದರು. ಹೊಟ್ಟೆ ಬಾತಿತು, ಕೈಕಾಲು ಕಡ್ಡಿಯಾದವು. ಅತ್ತೆ ಆ ಹೊಟ್ಟೆಯನ್ನು ನೋಡಿದ ದಿನ ಹೊರಗಿನ ಕಟ್ಟೆಯ ಮೇಲೆ ಹೋಗಿ ಕೂತಳು. ಅಂಥ ಹೊಟ್ಟೆಯನ್ನು ಆಕೆ ಈ ಮೊದಲೊಮ್ಮೆ ನೋಡಿದ್ದಳು. ಏನಾದರೂ ಹೊಳೆಯಿತೋ ಎಂದು ನನಗೆ ಭಯವಾಯಿತು. ಒಳಗೆ ಬಂದು, "ದೊಡ್ಡವನಿಗೂ ಆಗ ಒಬ್ಬ ಡಾಕ್ಟರ್ ಸೂಜಿ ಹಾಕಿದ್ದ," ಎಂದಳಷ್ಟೇ. ಅವರು ಕಣ್ಣು ಮುಚ್ಚಿಕೊಂಡೇ, "ಹೌದವ್ವ," ಎಂದರು.

ಓಣಿಯವರು ಬರುವುದನ್ನು ನಿಲ್ಲಿಸಿದ್ದರು. ನಮ್ಮ ಮನೆಯ ನೀರು ಕುಡಿಯುತ್ತಿರಲಿಲ್ಲ. ಶಾಲೆಯಲ್ಲಿ ನನ್ನ ಲೋಟ ಬೇರೆಯಾಯಿತು. ಇವರು ಯಾರಿಗೂ ಬೈಯಲಿಲ್ಲ. ಒಂದು ವಿಷಯ ಮಾತ್ರ ಅವರನ್ನು ತಿಂದುಹಾಕಿತು. ಬೀದಿಯಲ್ಲಿ ಜೀಪಿನ ಸದ್ದಾದರೆ ಸಾಕು, ಹಾಸಿಗೆಯಲ್ಲೇ ಕತ್ತೆತ್ತಿ ಕೇಳುತ್ತಿದ್ದರು. ಡಾಕ್ಟರು ಒಂದು ಸಲ ಬಂದು, ನಾನು ಹಾಗೆ ಹೇಳಬಾರದಿತ್ತು ಅನ್ನುತ್ತಾರೆಂದು ಕಡೆಯವರೆಗೂ ಕಾದರು. "ಮಾರಿಕೊಂಡೆ ಅಂತ ಅಂದ್ರಲ್ಲ," ಎಂದು ನಿದ್ದೆಯಲ್ಲೂ ಬಡಬಡಿಸಿದರು. ಕ್ಯಾನ್ಸರಿಗೆ ನೋವಿನ ಗುಳಿಗೆ ಇತ್ತು. ಇದಕ್ಕೆ ಇರಲಿಲ್ಲ.

ವೈರಸ್ಸಿನ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಅದಕ್ಕೆ ಮನಸ್ಸಿಲ್ಲ, ಮುಖವಿಲ್ಲ. ಬದುಕುವುದಕ್ಕೆ ಒಂದು ದಾರಿ ಹುಡುಕಿಕೊಂಡಿತು. ಆ ಡಾಕ್ಟರಿಗೆ ಮನಸ್ಸೂ ಇತ್ತು, ಮುಖವೂ ಇತ್ತು. ಇವರ ಹೆಗಲ ಮೇಲೆ ಅಷ್ಟು ವರ್ಷ ಇಟ್ಟ ಕೈಯೂ ಇತ್ತು.

ಕೊಯ್ಲಿನ ಹೊತ್ತಿಗೆ ಇವರು ತೀರಿಕೊಂಡರು. ಅಂದು ಬೆಳಿಗ್ಗೆ ಸುದ್ದಿ ತಿಳಿದು ಕಂಪ್ಲಿಯಿಂದ ಸಾಹುಕಾರರ ಸೊಸೆ ಯಾರಿಗೂ ಹೇಳದೆ ಬಸ್ಸು ಹತ್ತಿ ಬಂದಿದ್ದಳು. ಕಂಕುಳಲ್ಲಿ ಮಗು. ಬಾಗಿಲ ಬಳಿ ನಿಂತು, ಚಪ್ಪಲಿ ಬಿಟ್ಟು, ಅವರ ಕಾಲಿಗೆ ಮಗುವಿನ ಹಣೆ ಮುಟ್ಟಿಸಿ, "ನನಗ ಗೊತ್ತೈತ್ರಿ ಅವ್ರು ಎಂಥೋರು ಅಂತ," ಎಂದು ನನ್ನ ಕಿವಿಯಲ್ಲಿ ಹೇಳಿ ಮುಂದಿನ ಬಸ್ಸಿಗೇ ಹೋದಳು. ಅವಳು ಅದನ್ನು ಮಿಲ್ಲಿನ ಅಂಗಳದಲ್ಲಿ ಹೇಳಿದ್ದರೆ ಎಂದು ನಾನು ಇಂದಿಗೂ ಅಂದುಕೊಳ್ಳುತ್ತೇನೆ. ಅವಳ ಮನೆಯಲ್ಲಿ ಅವಳಿಗೆ ಅಷ್ಟು ಜಾಗ ಇದ್ದಿರಲಾರದು.

ಸಂಕ್ರಾಂತಿ ಕಳೆದ ಮೇಲೆ ಹೊಸಪೇಟೆಯಲ್ಲೇ ಇನ್ನೊಂದು ಹೆರಿಗೆ ಆಸ್ಪತ್ರೆಯಲ್ಲಿ ನನಗೆ ಗಂಡುಮಗುವಾಯಿತು. ಬೆಳಗಿನ ಹೊತ್ತು. ಅತ್ತೆ ಮಗುವನ್ನು ಎತ್ತಿ ಮುಖ ನೋಡಿದವಳು ಕೆಳಗಿಡಲಿಲ್ಲ. ಹುಬ್ಬಳ್ಳಿಯ ಡಾಕ್ಟರಮ್ಮ ಹೇಳಿ ತರಿಸಿದ್ದ ಔಷಧದ ಸೀಸೆ ಅಲ್ಲಿನ ಫ್ರಿಜ್ಜಿನಲ್ಲಿ ಮೊದಲೇ ಬಂದು ಕೂತಿತ್ತು. ನರ್ಸು ಸಿರಿಂಜು ಹಿಡಿದು ಒಳಗೆ ಬಂದದ್ದನ್ನು ಕಂಡ ಅತ್ತೆ ಮಗುವನ್ನು ಸೆರಗಿನೊಳಗೆ ಮುಚ್ಚಿಕೊಂಡು ಗೋಡೆಗೆ ಬೆನ್ನು ಕೊಟ್ಟಳು.

"ಸೂಜಿ ಹತ್ತಿರ ತರಬ್ಯಾಡ್ರಿ."

"ಅಜ್ಜಿ, ಇದು ರೋಗ ಬರದಂಗ ಹಾಕೋದು," ಎಂದಳು ನರ್ಸು.

"ನನ್ನ ಎರಡು ಮಕ್ಕಳಿಗೂ ನಿಮ್ಮಂಥೋರು ಹಿಂಗ ಹೇಳಿ ಚುಚ್ಚಿದ್ರು. ಇದೊಂದು ಉಳದೈತಿ. ಇದನ್ನ ಕೊಡೋದಿಲ್ಲ." ಆಮೇಲೆ ನನ್ನ ಕಡೆ ನೋಡಿ, "ನೀನರ ಹೇಳವ್ವ ಇವರಿಗೆ," ಎಂದಳು.

ಹೇಳಲು ನನ್ನ ಬಳಿ ಇದ್ದದ್ದು ಒಂದೇ ಮಾತು. ಅದನ್ನು ಹೇಳಿದರೆ ಆಕೆ ತಾನಾಗಿ ಮಗುವನ್ನು ನರ್ಸಿನ ಕೈಗೆ ಕೊಡುತ್ತಿದ್ದಳು. ಆಮೇಲೆ ಮತ್ತೆಂದೂ ಅದನ್ನು ಮುಟ್ಟುತ್ತಿರಲಿಲ್ಲ. ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದವರ ಮುಖ ಕಣ್ಣಿಗೆ ಕಟ್ಟಿತು. ನಾನು ನರ್ಸಿಗೆ, "ಬ್ಯಾಡ್ರಿ, ಇರಲಿ," ಎಂದೆ. ಅತ್ತೆಯ ಭುಜ ಇಳಿಯಿತು. ನನ್ನ ಮೇಲೆ ಆಕೆಗೆ ಅಷ್ಟು ನಂಬಿಕೆ.

ಮಧ್ಯಾಹ್ನ, "ಅತ್ತಿ, ಮನಿಗೆ ಹೋಗಿ ಬಾಣಂತಿ ಖಾರ ಕಾಸಿಕೊಂಡು ಬರ್ತೀರೇನು? ಇಲ್ಲಿ ಊಟ ಸೇರವಲ್ದು," ಎಂದೆ. ಸಂತೋಷದಿಂದ ಎದ್ದಳು. ಮಗುವನ್ನು ನನ್ನ ಮಗ್ಗುಲಲ್ಲಿ ಮಲಗಿಸಿ, "ಯಾರಿಗೂ ಕೊಡಬ್ಯಾಡ," ಎಂದು ಹೇಳಿ ಹೋದಳು. ಆಕೆ ಗೇಟು ದಾಟಿದ್ದನ್ನು ಕಿಟಕಿಯಿಂದ ನೋಡಿ ನರ್ಸನ್ನು ಕರೆದೆ.

ಖಾರದ ಬಟ್ಟಲು ಹಿಡಿದು ಅತ್ತೆ ಬಂದಾಗ ಮಗು ಮಲಗಿತ್ತು. ಒದ್ದೆಯಾಗಿದೆಯೇನೋ ಎಂದು ಬಟ್ಟೆ ಬಿಚ್ಚಿದಳು. ತೊಡೆಯ ಮೇಲೆ ಹತ್ತಿಯ ತುಣುಕು, ಅದರ ಮೇಲೆ ಅಂಟುಪಟ್ಟಿ. ಬೆರಳಿನಿಂದ ಅದನ್ನು ಮೆಲ್ಲಗೆ ಎತ್ತಿ ಕೆಳಗಿನ ಕೆಂಪು ಚುಕ್ಕೆ ನೋಡಿದಳು. ಮತ್ತೆ ಹಾಗೆಯೇ ಅಂಟಿಸಿದಳು. ದನಿ ಎತ್ತಲಿಲ್ಲ.

"ಅವ್ರು ಹೊರಗಿನೋರು, ಮೋಸ ಮಾಡಿದ್ರು," ಎಂದಳು. "ನೀನು ಒಳಗ ಇದ್ದು ಮಾಡಿದಿ."

ಅಂದಿನಿಂದ ಆಕೆ ನನ್ನ ಕೈಯ ನೀರು ಕುಡಿಯಲಿಲ್ಲ. ಒಂದೇ ಮನೆಯಲ್ಲಿ ಆಕೆಯ ಒಲೆ ಬೇರೆಯಾಯಿತು. ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ. ಉಳಿದೆರಡು ಸೂಜಿಗಳನ್ನೂ ನಾನು ಮಗುವನ್ನು ಎತ್ತಿಕೊಂಡು ಶಾಲೆಗೆ ರಜೆಯ ಸಹಿ ಹಾಕಲು ಹೋಗುವ ನೆಪ ಮಾಡಿ ಹಾಕಿಸಿದೆ. ಆಕೆಗೆ ತಿಳಿಯುತ್ತಿತ್ತು. ಬಂದ ಕೂಡಲೇ ಮಗುವನ್ನು ಕಸಿದುಕೊಂಡು ತೊಡೆ ಸವರಿ ನೋಡುತ್ತಿದ್ದಳು. ನನ್ನ ಮುಖ ನೋಡುತ್ತಿರಲಿಲ್ಲ.

ಮತ್ತೆ ಕಾಲುವೆಗೆ ನೀರು ಬಂದು, ಮೂರನೆಯ ಸೂಜಿಯೂ ಮುಗಿದ ಮೇಲೆ ಒಂದು ಭಾನುವಾರ. ಮಗು ಆಗ ಕೂಡಿಸಿದರೆ ಕೂರುತ್ತಿತ್ತು. ಅತ್ತೆ ಕಟ್ಟೆಯ ಮೇಲೆ ಅದನ್ನು ತೊಡೆಯಲ್ಲಿ ಕೂಡಿಸಿಕೊಂಡು, ಜೋಳದ ರೊಟ್ಟಿಯ ಚೂರನ್ನು ಹಾಲಿನಲ್ಲಿ ನೆನೆಸಿ, ತನ್ನ ಬಾಯಿಗೆ ಹಾಕಿ ಅಗಿದು ಮೆತ್ತಗೆ ಮಾಡಿ, ಬೆರಳ ತುದಿಯಿಂದ ಮೊಮ್ಮಗನ ಬಾಯಿಗಿಡುತ್ತಿದ್ದಳು. ಆಕೆಯ ವಸಡಿನಿಂದ ಆಗಾಗ ರಕ್ತ ಬರುತ್ತಿತ್ತು. ಅವಳ ಗಂಡುಮಕ್ಕಳಿಬ್ಬರೂ ಹೀಗೆಯೇ ತಿಂದು ಬೆಳೆದಿರಬೇಕು. ನಾನು ಒಳಗಿನಿಂದ ಬಂದು ಬಾಗಿಲಲ್ಲಿ ನಿಂತೆ. ನಾನು ಕಿತ್ತುಕೊಳ್ಳುತ್ತೇನೆಂದು ಆಕೆ ಕೈ ಬಿಗಿ ಮಾಡಿದಳು.

ನಾನು ಹಾಲಿನ ಬಟ್ಟಲನ್ನು ಆಕೆಯ ಹತ್ತಿರಕ್ಕೆ ಸರಿಸಿ ಒಳಗೆ ಹೋದೆ.